ನಾಲ್ಕು ಚಕ್ರಗಳ ಚಾಲನೆಯುಳ್ಳ ಹಳೆಯ ಪಿಕಪ್ ಗಾಡಿಗಳಲ್ಲಿ ಲಿವರು ಬಿಗಿದುಕೊಳ್ಳುವಿಕೆ: ಕಾರಣಗಳೂ ಪರಿಹಾರವೂ

ಮಲೆನಾಡಿನ ಅಡಿಕೆ ತೋಟಗಳಲ್ಲಿಯೂ ಕೊಡಗಿನ ಕಾಫಿ ತೋಟಗಳಲ್ಲಿಯೂ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿಯನ್ನು ಒದಗಿಸಬಲ್ಲ ಹಳೆಯ ಜೀಪುಗಳೂ, ಅದೇ ಜಾತಿಯ ಪಿಕಪ್ ಗಾಡಿಗಳೂ ಈಗಲೂ ಬಳಕೆಯಲ್ಲಿವೆ. ವರ್ಷದ ಬಹುಭಾಗ ಇಂತಹ ಗಾಡಿಯು ಹಿಂದಿನ ಎರಡು ಚಕ್ರಗಳ ಬಲದಿಂದಲೇ ಓಡಾಡುವುದು. ಮುಂದಿನ ಚಕ್ರಗಳ ಚಾಲನೆಯನ್ನು ಸೇರಿಸುವ ಲಿವರನ್ನು ಯಾರೂ ಮುಟ್ಟುವುದಿಲ್ಲ. ಮುಂಗಾರು ಮಳೆ ಹಿಡಿದು, ತೋಟದ ದಾರಿ ಕೆಸರಾಗಿ, ಗೊಬ್ಬರವನ್ನೋ ಸಸಿಗಳನ್ನೋ ಹೊತ್ತ ಗಾಡಿಯು ಏರಿನಲ್ಲಿ ನಿಂತುಹೋದಾಗ ಆ ಲಿವರಿನ ನೆನಪಾಗುವುದು. ಆಗ ಎಳೆದರೆ ಅದು ಕದಲುವುದಿಲ್ಲ. ಇಲ್ಲವೇ ಸೇರಿದ್ದೇನೋ ಸೇರಿ, ಕೆಸರು ದಾಟಿ ಡಾಂಬರು ರಸ್ತೆಗೆ ಬಂದ ಮೇಲೆ ಬಿಡಿಸಹೋದರೆ ಬಿಡುವುದಿಲ್ಲ. ಚಾಲಕನು ಕಾಲುಕೊಟ್ಟು ಒದೆಯುವನು. ಅದಕ್ಕೂ ಜಗ್ಗದಿದ್ದರೆ ಲಿವರಿಗೆ ಕಬ್ಬಿಣದ ಕೊಳವೆಯೊಂದನ್ನು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಎಳೆಯುವನು.

ಈ ಕೊಳವೆಯ ಪ್ರಯೋಗದಿಂದ ಕೆಟ್ಟ ಗಾಡಿಗಳೇ ಹೆಚ್ಚು. ಲಿವರಿಗೆ ಆಧಾರವಾದ ಭಾಗವು ಎರಕದ ಕಬ್ಬಿಣದ್ದು. ಎರಕದ ಕಬ್ಬಿಣವು ಬಾಗುವ ಗುಣವುಳ್ಳದ್ದಲ್ಲ. ಬಲ ಮೀರಿದರೆ ಸೀಳಿಯೇ ಹೋಗುವುದು. ಐದು ನಿಮಿಷಗಳ ತಾಳ್ಮೆಯಿಂದ ಹೋಗಬಹುದಾಗಿದ್ದ ತೊಂದರೆಯು ಪೆಟ್ಟಿಗೆಯನ್ನೇ ಇಳಿಸಿ ಬಿಚ್ಚಬೇಕಾದ ಖರ್ಚಾಗಿ ಪರಿಣಮಿಸುವುದು. ಹಳೆಯ ಮಾದರಿಗಳ ಬಿಡಿಭಾಗಗಳು ಸಣ್ಣ ಊರುಗಳಲ್ಲಿ ದೊರೆಯುವುದು ಕಷ್ಟವಾದುದರಿಂದ ಮಳೆಗಾಲದ ಕೆಲಸದ ನಡುವೆ ಗಾಡಿಯು ವಾರಗಟ್ಟಲೆ ನಿಲ್ಲುವ ಸಂಭವವೂ ಉಂಟು. ಆದಕಾರಣ ಲಿವರು ಏಕೆ ಕದಲುವುದಿಲ್ಲವೆಂಬುದನ್ನು ಗಾಡಿಯ ಮಾಲೀಕರು ಮೊದಲು ತಿಳಿದುಕೊಂಡು, ಆ ಬಳಿಕ ಚಾಲಕನಿಗೆ ಅಪ್ಪಣೆ ಮಾಡುವುದು ಒಳ್ಳೆಯದು.

ಯಂತ್ರದ ರಚನೆ.— ಈ ಗಾಡಿಗಳ ಮೂಲವು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೈನ್ಯದ ಜೀಪು. ೧೯೪೧ರಲ್ಲಿ ವಿಲ್ಲಿಸ್ ಕಂಪೆನಿಯವರು ಅದನ್ನು ಹೆಚ್ಚಿನ ಪ್ರಮಾಣದಲ್ಲಿ ತಯಾರಿಸತೊಡಗಿದರು. ೧೯೪೫ರಲ್ಲಿ ರೈತರ ಉಪಯೋಗಕ್ಕೆಂದೇ ಮತ್ತೊಂದು ಮಾದರಿಯನ್ನು ಹೊರತಂದರು. ಭಾರತದಲ್ಲಿ ಮಹೀಂದ್ರಾ ಸಂಸ್ಥೆಯವರು ಮೊದಲು ಇವುಗಳನ್ನು ಜೋಡಿಸಿ, ಕ್ರಮೇಣ ಇಲ್ಲಿಯೇ ತಯಾರಿಸಲಾರಂಭಿಸಿದರು. ಹೊರ ಆಕಾರವು ಎಷ್ಟೋ ಸಲ ಬದಲಾಯಿತಾದರೂ, ಗೇರು ಪೆಟ್ಟಿಗೆಯ ಹಿಂದೆ ಅಂಟಿಕೊಂಡಿರುವ ಎರಡನೆಯ ಪೆಟ್ಟಿಗೆಯ ರೀತಿಯು ಬಹುಕಾಲ ಹಾಗೆಯೇ ಉಳಿಯಿತು. ಇದನ್ನು ಟ್ರಾನ್ಸ್‌ಫರ್ ಕೇಸು ಎನ್ನುವರು. ಹಳೆಯ ಜೀಪುಗಳಲ್ಲಿರುವುದು ಸ್ಪೈಸರ್ ೧೮ ಎಂಬ ಮಾದರಿಯದು. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಇದಕ್ಕೆ ಸಂಬಂಧಪಟ್ಟದ್ದು. ಲಿವರಿನಿಂದಲೇ ನಡೆಯುವ ಇತರ ಹಳೆಯ ಪಿಕಪ್ಪುಗಳಿಗೂ ಬಹಳ ಮಟ್ಟಿಗೆ ಅನ್ವಯಿಸುವುದು. ಗುಂಡಿಯೊತ್ತಿ ವಿದ್ಯುತ್ತಿನಿಂದ ನಡೆಸುವ ಇತ್ತೀಚಿನ ಗಾಡಿಗಳ ವಿಷಯವೇ ಬೇರೆ.

ಗೇರಿನ ದೊಡ್ಡ ಲಿವರಿನ ಪಕ್ಕದಲ್ಲಿ ಎರಡು ಸಣ್ಣ ಲಿವರುಗಳಿರುವುವು. ಒಂದು, ಮುಂದಿನ ಅಚ್ಚಿನ ಚಾಲನೆಯನ್ನು ಸೇರಿಸುವುದು ಅಥವಾ ಬಿಡಿಸುವುದು. ಇನ್ನೊಂದಕ್ಕೆ ಮೂರು ಸ್ಥಾನಗಳು: ಸಾಮಾನ್ಯ ವೇಗ, ನಡುಸ್ಥಾನ, ಮಂದ ವೇಗ. ಮಂದ ವೇಗದಲ್ಲಿ ಚಕ್ರಗಳು ನಿಧಾನವಾಗಿ ತಿರುಗಿ, ಎಳೆಯುವ ಬಲವು ಯುದ್ಧಕಾಲದ ಗಾಡಿಯಲ್ಲಿ ಸುಮಾರು ಎರಡರಷ್ಟು, ತರುವಾಯದ ಗಾಡಿಗಳಲ್ಲಿ ಹೆಚ್ಚುಕಡಮೆ ಎರಡೂವರೆಯಷ್ಟು ಹೆಚ್ಚುವುದು. ನಡುಸ್ಥಾನವು ನಿಷ್ಪ್ರಯೋಜಕವೆಂದು ತಿಳಿಯಬಾರದು. ಪೆಟ್ಟಿಗೆಯ ಹಿಂಭಾಗದಿಂದ ಶಕ್ತಿಯನ್ನು ಪಡೆದು ಗರಗಸವನ್ನೋ ಪಂಪನ್ನೋ ನಡೆಸುವ ಸಲಕರಣೆಯಿದ್ದಲ್ಲಿ, ಗಾಡಿಯನ್ನು ನಿಂತಲ್ಲೇ ನಿಲ್ಲಿಸಿ ಎಂಜಿನ್ನನ್ನು ದುಡಿಸಲು ಇದು ಬೇಕು. ಆದರೆ ಈ ಲಿವರು ನಡುವಿನಲ್ಲಿದ್ದರೆ, ದೊಡ್ಡ ಗೇರನ್ನು ಹಾಕಿಟ್ಟಿದ್ದರೂ ಅದು ಗಾಡಿಯನ್ನು ಹಿಡಿಯುವುದಿಲ್ಲವೆಂಬುದನ್ನು ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವವರು ಮರೆಯಕೂಡದು. ಯಾವ ಲಿವರು ಯಾವುದು, ಯಾವ ಕಡೆಗೆ ತಳ್ಳಿದರೆ ಏನು ಎಂಬುದನ್ನು ಚಾಲಕನ ಎದುರಿನ ತಗಡಿನ ಪಟ್ಟಿಯಲ್ಲಿ ಕೊಟ್ಟಿರುವರು. ಹಲವು ಸಲ ಬಣ್ಣ ಬಳಿದುದರಿಂದ ಆ ಪಟ್ಟಿ ಮುಚ್ಚಿಹೋಗಿದ್ದಲ್ಲಿ ಕೆರೆದು ಓದಿಕೊಳ್ಳತಕ್ಕದ್ದು.

ದೋಷವಲ್ಲದ ಬಿಗಿತ.— ಮುಂದಿನ ಅಚ್ಚಿನ ಚಾಲನೆಯನ್ನು ಸೇರಿಸದ ಹೊರತು ಮಂದ ವೇಗದ ಸ್ಥಾನಕ್ಕೆ ಲಿವರು ಹೋಗಕೂಡದೆಂದು ಈ ಪೆಟ್ಟಿಗೆಯೊಳಗೆ ಒಂದು ತಡೆಯನ್ನು ಇಟ್ಟಿರುವರು. ಎರಡು ಲಿವರುಗಳ ಸರಳುಗಳ ನಡುವೆ ಒಂದು ಸಣ್ಣ ಉಕ್ಕಿನ ತುಂಡಿದೆ. ಒಂದು ಸರಳು ತಕ್ಕ ಸ್ಥಾನಕ್ಕೆ ಬಂದ ಹೊರತು ಇನ್ನೊಂದು ಮುಂದುವರಿಯದಂತೆ ಅದು ಅಡ್ಡ ನಿಲ್ಲುವುದು. ಮಂದ ವೇಗದ ಅಧಿಕ ಬಲವೆಲ್ಲ ಹಿಂದಿನ ಅಚ್ಚೊಂದರ ಮೇಲೆಯೇ ಬಿದ್ದು ಅದು ಮುರಿಯದಿರಲೆಂಬುದೇ ಇದರ ಉದ್ದೇಶ. ಇದನ್ನರಿಯದೆ ‘ಮಂದ ಗೇರು ಬೀಳುವುದಿಲ್ಲ’ವೆಂದು ಗಾಡಿಯನ್ನು ಪಟ್ಟಣಕ್ಕೆ ಒಯ್ಯುವವರುಂಟು. ಕೆಲವು ಮೇಸ್ತ್ರಿಗಳು ಆ ತುಂಡನ್ನೇ ತೆಗೆದುಹಾಕಿ ಕೊಡುವರು. ಲಿವರು ಆಗ ಸಲೀಸಾಗಿ ಆಡುವುದು ನಿಜ. ಆದರೆ ಹೊರೆ ತುಂಬಿದ ಪಿಕಪ್ಪಿನಲ್ಲಿ ಹಾಗೆ ಮಾಡಿಸುವುದು ಎಷ್ಟು ಮಾತ್ರವೂ ವಿವೇಕವಲ್ಲ.

ಇನ್ನೊಂದು ವಿಷಯ. ಮಂದ ವೇಗಕ್ಕೆ ಬದಲಾಯಿಸುವಾಗ ಗಾಡಿಯನ್ನು ನಿಲ್ಲಿಸಿ ಕ್ಲಚ್ಚನ್ನು ಪೂರ್ತಿಯಾಗಿ ತುಳಿದಿರಬೇಕು. ನಿಂತಾಗ ಹಲ್ಲಿಗೆ ಹಲ್ಲು ತುದಿಮುಟ್ಟಿ ನಿಂತರೆ ಲಿವರು ಅರ್ಧಕ್ಕೇ ತಡೆಯುವುದು. ಆಗ ಬಲವನ್ನು ಹಾಕದೆ, ಕ್ಲಚ್ಚನ್ನು ತುಸು ಬಿಟ್ಟು ಗಾಡಿಯನ್ನು ಒಂದು ಗೇಣಿನಷ್ಟು ಸರಿಸಿ ಮತ್ತೆ ಯತ್ನಿಸಿದರೆ ತಾನಾಗಿಯೇ ಸೇರುವುದು. ಲಿವರಿನ ಬುಡದ ರಬ್ಬರು ಹರಿದು ಆ ಕಂಡಿಯಲ್ಲಿ ಕಲ್ಲುಹರಳು, ಅಡಿಕೆ ಸಿಪ್ಪೆ ಮೊದಲಾದುವು ಸಿಕ್ಕಿಕೊಂಡಿರುವುದೂ, ಎಂಜಿನ್ನು ಮತ್ತು ಪೆಟ್ಟಿಗೆಗಳ ಅಡಿಯ ರಬ್ಬರುಗಳು ಕುಸಿದು ಲಿವರು ನೆಲದ ತಗಡಿನ ಅಂಚಿಗೆ ತಗಲುವುದೂ ಉಂಟು. ಪೆಟ್ಟಿಗೆಯನ್ನು ಮುಟ್ಟುವ ಮೊದಲು ಇವಿಷ್ಟನ್ನು ಕಣ್ಣಿನಿಂದ ನೋಡಿಬಿಡಬೇಕು.

ಸೇರಿದ್ದು ಬಿಡದಿರುವುದು.— ಇದು ಅತ್ಯಂತ ಸಾಮಾನ್ಯವಾದ ತೊಂದರೆ. ಇದರಲ್ಲಿ ತುಕ್ಕಿನ ಪಾತ್ರವೇನೂ ಇಲ್ಲದಿರಬಹುದು. ಕಣದಲ್ಲಿ ಹಂತಿ ಹೊಡೆಯುವುದನ್ನು ಕಂಡವರಿಗೆ ಇದರ ಮರ್ಮವನ್ನು ಬಹಳ ಹೇಳಬೇಕಾದುದಿಲ್ಲ. ಮೇಟಿಯ ಬಳಿಯ ಎತ್ತು ಕೆಲವೇ ಹೆಜ್ಜೆಗಳಲ್ಲಿ ಸುತ್ತಿ ಬರುವುದು. ಹೊರಗಿನ ಎತ್ತು ಅಷ್ಟೇ ಹೊತ್ತಿನಲ್ಲಿ ಎಷ್ಟೋ ಹೆಚ್ಚು ಹೆಜ್ಜೆಗಳನ್ನಿಡಬೇಕು. ಗಾಡಿಯು ತಿರುಗುವಾಗಲೂ ಮುಂದಿನ ಚಕ್ರಗಳು ದೊಡ್ಡ ಸುತ್ತನ್ನೂ, ಹಿಂದಿನ ಚಕ್ರಗಳು ಸಣ್ಣ ಸುತ್ತನ್ನೂ ತುಳಿಯುವುವು. ಒಂದು ಪಿಕಪ್ಪಿನ ಎರಡು ಅಚ್ಚುಗಳ ನಡುವೆ ೨.೫ ಮೀಟರು ಅಂತರವಿದೆಯೆಂದೂ, ತಿರುವಿನಲ್ಲಿ ಹಿಂದಿನ ಅಚ್ಚಿನ ಮಧ್ಯವು ೬ ಮೀಟರು ತ್ರಿಜ್ಯದ ವೃತ್ತದಲ್ಲಿ ಸಾಗುವುದೆಂದೂ ಇಟ್ಟುಕೊಳ್ಳೋಣ. ಲೆಕ್ಕ ಮಾಡಿದರೆ ಮುಂದಿನ ಅಚ್ಚಿನ ಮಧ್ಯದ ತ್ರಿಜ್ಯವು ೬.೫ ಮೀಟರಾಗುವುದು. ಒಂದು ಪೂರ್ತಿ ಸುತ್ತಿಗೆ ಹಿಂದಿನದು ೩೭.೭ ಮೀಟರು ನಡೆದರೆ ಮುಂದಿನದು ೪೦.೮ ಮೀಟರು ನಡೆಯಬೇಕು. ವ್ಯತ್ಯಾಸವು ಮೂರು ಮೀಟರಿಗೆ ಮೇಲಾಯಿತು. ಎಂದರೆ ಚಕ್ರದ ಸುಮಾರು ಒಂದೂವರೆ ಸುತ್ತು. ತೋಟದ ಗೇಟಿನೊಳಕ್ಕೆ ತಿರುಗುವ ಕಾಲು ಸುತ್ತಿನಲ್ಲಿಯೇ ಮುಕ್ಕಾಲು ಮೀಟರಿನ ವ್ಯತ್ಯಾಸ ಬೀಳುವುದು.

ಲಿವರನ್ನು ಸೇರಿಸಿದಾಗ ಮುಂದಿನ ಷಾಫ್ಟೂ ಹಿಂದಿನ ಷಾಫ್ಟೂ ಒಂದಕ್ಕೊಂದು ಗಟ್ಟಿಯಾಗಿ ಕಟ್ಟುಬಿದ್ದು ಸಮನಾಗಿಯೇ ತಿರುಗಬೇಕು. ಒಂದೇ ಅಚ್ಚಿನ ಎಡಬಲ ಚಕ್ರಗಳ ವ್ಯತ್ಯಾಸವನ್ನು ಸರಿದೂಗಿಸಲು ಡಿಫರೆನ್ಷಿಯಲ್ ಇದೆ. ಮುಂದಿನ ಹಿಂದಿನ ಅಚ್ಚುಗಳ ನಡುವೆ ಈ ಗಾಡಿಗಳಲ್ಲಿ ಅಂತಹ ಏರ್ಪಾಡಿಲ್ಲ. ಕೆಸರಿನಲ್ಲಿಯೋ ಮರಳಿನಲ್ಲಿಯೋ ಚಕ್ರಗಳು ಸ್ವಲ್ಪ ಜಾರಿ ಲೆಕ್ಕವನ್ನು ತೀರಿಸಿಕೊಳ್ಳುವುವು. ಡಾಂಬರು ಅಥವಾ ಗಟ್ಟಿ ನೆಲದ ಮೇಲೆ ಟೈರುಗಳು ಜಾರಲಾರವು. ಆ ವ್ಯತ್ಯಾಸವೆಲ್ಲ ಷಾಫ್ಟುಗಳಲ್ಲಿಯೂ ಹಲ್ಲುಗಾಲಿಗಳಲ್ಲಿಯೂ ತಿರುಚಾಗಿ ಕೂಡಿಕೊಳ್ಳುವುದು. ಒದ್ದೆಬಟ್ಟೆಯನ್ನು ಇಬ್ಬರು ಎರಡು ತುದಿಗಳಲ್ಲಿ ಹಿಡಿದು ಹಿಂಡಿದಂತೆ ಇದು. ಹೀಗೆ ಬಿಗಿಯಾದ ಹಲ್ಲುಗಳು ಒಂದನ್ನೊಂದು ಅದುಮಿ ಹಿಡಿದಿರುವಾಗ ಲಿವರನ್ನು ಎಳೆದರೆ ಬಾರದಿರುವುದು ಸಹಜವೇ ಸರಿ. ಇದರ ಗುರುತುಗಳೆಂದರೆ: ಗಾಡಿಯು ಬ್ರೇಕು ಹಿಡಿದಂತೆ ಭಾರವಾಗುವುದು, ಚುಕ್ಕಾಣಿಯು ತಿರುಗಲು ಹಟಮಾಡುವುದು, ಆಗಾಗ ಟೈರು ಕಿರ್ರೆಂದು ಜಾರುವುದು. ಹೀಗಿರುವ ಗಾಡಿಯನ್ನು ಘಟ್ಟದ ತಿರುವುಗಳಲ್ಲಿ ಓಡಿಸುವುದು ಬಹಳ ಅಪಾಯ. ತಿರುಗಿಸಿದಷ್ಟು ತಿರುಗದೆ ಅದು ಅಂಚಿನ ಕಡೆಗೇ ನೇರವಾಗಿ ನುಗ್ಗಲೆತ್ನಿಸುವುದು. ಒಳಗಿನ ಷಾಫ್ಟೋ ಜಾಯಿಂಟೋ ಮುರಿಯುವ ಭಯವೂ ಉಂಟು.

ಪರಿಹಾರವು ಸುಲಭ. ಚುಕ್ಕಾಣಿಯನ್ನು ನೆಟ್ಟಗೆ ಮಾಡಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಗಾಡಿಯನ್ನು ಐದಾರು ಮೀಟರು ಹಿಂದಕ್ಕೆ ನಡೆಸಬೇಕು. ತಿರುವಿನಲ್ಲಿ ಬಿಗಿದಿದ್ದರೆ ಬಂದ ಜಾಡಿನಲ್ಲಿಯೇ ಹಿಂದಕ್ಕೆ ಹೋಗುವುದು ಇನ್ನೂ ಉತ್ತಮ. ಮುಂದೆ ಹೋಗುವಾಗ ಸುತ್ತಿಕೊಂಡ ತಿರುಚು ಹಿಂದೆ ಬರುವಾಗ ಬಿಚ್ಚಿಕೊಳ್ಳುವುದು. ಹಿಂದಕ್ಕೆ ಚಲಿಸುತ್ತಿರುವಾಗ ಕ್ಲಚ್ಚನ್ನು ತುಳಿದು, ಲಿವರಿಗೆ ಅಂಗೈಯಿಂದ ಹದವಾದ ಒತ್ತಡವನ್ನು ಕೊಡುತ್ತಿದ್ದರೆ, ಹಲ್ಲುಗಳು ಸಡಿಲವಾದ ಕ್ಷಣದಲ್ಲಿ ಅದು ತಟ್ಟನೆ ಬಿಡುವುದು. ಹತ್ತಿರದಲ್ಲಿ ಹುಲ್ಲುನೆಲವೋ ಜಲ್ಲಿಯ ಅಂಚೋ ಇದ್ದರೆ ಗಾಡಿಯನ್ನು ಅಲ್ಲಿಗೆ ಇಳಿಸಿ ಮುಂದಕ್ಕೂ ಹಿಂದಕ್ಕೂ ಆಡಿಸಿದರೂ ಸಾಕು.

ಇಷ್ಟಕ್ಕೂ ಬಿಡದಿದ್ದರೆ ಮುಂದಿನ ಚಕ್ರವೊಂದನ್ನು ಜಾಕಿಯಿಂದೆತ್ತಿ ತಿರುಚನ್ನು ಇಳಿಸಬಹುದು. ಇದರಲ್ಲಿ ಎರಡು ಎಚ್ಚರಿಕೆಗಳು ಪ್ರಾಣಕ್ಕೆ ಸಂಬಂಧಿಸಿದುವು. ಚಕ್ರವು ನೆಲವನ್ನು ಬಿಡುವ ಕ್ಷಣದಲ್ಲಿ, ಕೂಡಿದ್ದ ತಿರುಚೆಲ್ಲ ಒಮ್ಮೆಗೇ ಬಿಚ್ಚಿ ಚಕ್ರವು ಜೋರಾಗಿ ತಿರುಗಬಹುದು. ಆದುದರಿಂದ ಕೈ, ಮುಖ, ಪಂಚೆಯ ಅಂಚು ಯಾವುದೂ ಅದರ ಬಳಿ ಇರಕೂಡದು. ಎರಡನೆಯದು, ಹಳೆಯ ಜೀಪುಗಳ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ; ಟ್ರಾನ್ಸ್‌ಫರ್ ಕೇಸಿನ ಹಿಂದೆ ಷಾಫ್ಟನ್ನು ಹಿಡಿಯುವುದು. ಹಿಂದಿನ ಒಂದು ಚಕ್ರವನ್ನು ಎತ್ತಿದರೆ, ಷಾಫ್ಟು ನಿಂತೇ ಇದ್ದರೂ, ಎತ್ತಿದ ಚಕ್ರವು ಒಂದು ದಿಕ್ಕಿಗೂ ನೆಲದ ಮೇಲಿನ ಚಕ್ರವು ಇನ್ನೊಂದು ದಿಕ್ಕಿಗೂ ತಿರುಗಿ, ಗಾಡಿಯು ಜಾಕಿಯಿಂದ ಜಾರಿ ಹೊರಟುಬಿಡುವುದು. ಬ್ರೇಕು ಎಳೆದಿದೆಯೆಂಬ ನೆಚ್ಚಿಕೆಯಿಂದ ಅಡಿಗೆ ತೂರಿದವನ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದಕಾರಣ ಈ ಕೆಲಸಕ್ಕೆ ಮುಂದಿನ ಚಕ್ರವನ್ನೇ ಎತ್ತತಕ್ಕದ್ದು. ಸಮನೆಲದಲ್ಲಿ ನಿಲ್ಲಿಸಿ ಹಿಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ದೊಡ್ಡ ಕಲ್ಲುಗಳನ್ನು ಕೊಡತಕ್ಕದ್ದು. ಕೆಸರಾದರೆ ಜಾಕಿಯ ಅಡಿಗೆ ದಪ್ಪ ಹಲಗೆಯನ್ನು ಹಾಕತಕ್ಕದ್ದು. ಗಾಡಿಯು ಜಾಕಿಯೊಂದರ ಮೇಲೆಯೇ ಇರುವಾಗ ಯಾರನ್ನೂ ಅದರ ಅಡಿಗೆ ಬಿಡಕೂಡದು.

ನೆಟ್ಟನೆಯ ರಸ್ತೆಯಲ್ಲಿಯೂ ಲಿವರು ಪದೇ ಪದೇ ಹೀಗೆ ಬಿಗಿಯುತ್ತಿದ್ದರೆ ಟೈರುಗಳನ್ನು ನೋಡಬೇಕು. ಮುಂದಕ್ಕೆ ಹೊಸ ಜೋಡಿ, ಹಿಂದಕ್ಕೆ ಸವೆದ ಜೋಡಿ ಹಾಕುವ ಮಿತವ್ಯಯವು ಇಲ್ಲಿ ನಷ್ಟಕ್ಕೆ ದಾರಿ. ವ್ಯಾಸದಲ್ಲಿ ಒಂದೇ ಸೆಂಟಿಮೀಟರು ವ್ಯತ್ಯಾಸವಿದ್ದರೂ ಪ್ರತಿ ಸುತ್ತಿಗೆ ಮೂರು ಸೆಂಟಿಮೀಟರಿಗೆ ಮೇಲ್ಪಟ್ಟು ಅಂತರ ಬಿದ್ದು, ನೂರು ಮೀಟರು ಹೋಗುವಷ್ಟರಲ್ಲಿ ಅದು ಸುಮಾರು ೧.೪ ಮೀಟರಾಗುವುದು. ಗಾಳಿಯ ಒತ್ತಡದ ಹೆಚ್ಚುಕಡಮೆಯಿಂದಲೂ ಹೀಗಾಗುವುದುಂಟು. ಹಳೆಯ ಗಾಡಿಯ ಒಂದು ಅಚ್ಚನ್ನು ಬೇರೆ ಗಾಡಿಯ ಅಚ್ಚಿನಿಂದ ಬದಲಾಯಿಸಿದ್ದರೆ, ಎರಡರ ಹಲ್ಲುಗಳ ಪ್ರಮಾಣವು ಒಂದೇ ಆಗಿದೆಯೇ ಎಂದು ವಿಚಾರಿಸಿಕೊಳ್ಳಬೇಕು; ಬೇರೆಯಾಗಿದ್ದರೆ ಆ ಗಾಡಿಯಲ್ಲಿ ನಾಲ್ಕು ಚಕ್ರಗಳ ಚಾಲನೆಯನ್ನು ಉಪಯೋಗಿಸಲೇಬಾರದು.

ತುಕ್ಕಿನ ಬಿಗಿತ.— ಬಹುಕಾಲ ಮುಟ್ಟದೆ ಬಿಟ್ಟ ಗಾಡಿಗಳ ವ್ಯಾಧಿಯಿದು. ಎರಡು ಸಣ್ಣ ಲಿವರುಗಳೂ ಒಂದೇ ಅಡ್ಡ ಪಿನ್ನಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿರುವುವು. ಆ ಪಿನ್ನು ಗಾಡಿಯ ಅಡಿಯಲ್ಲಿ ತೆರೆದೇ ಇರುವುದರಿಂದ ನೀರು, ಕೆಸರು, ಗೊಬ್ಬರದ ಉಪ್ಪು ಎಲ್ಲವೂ ಅದಕ್ಕೆ ತಾಕುವುವು. ತುಕ್ಕು ಹಿಡಿದು ಲಿವರುಗಳೆರಡೂ ಪಿನ್ನಿಗೆ ಅಂಟಿಕೊಂಡರೆ, ಒಂದನ್ನು ಎಳೆದಾಗ ಇನ್ನೊಂದೂ ಅದರೊಡನೆ ಬರುವುದು. ಒಳಗಿನ ತಡೆಯು ಇದಕ್ಕೆ ಅವಕಾಶ ಕೊಡದಿರುವುದರಿಂದ ಎರಡೂ ನಿಂತುಬಿಡುವುವು. ಒಂದು ಲಿವರನ್ನು ಅಲುಗಿಸಿದಾಗ ಇನ್ನೊಂದು ಅಲುಗುವುದೇ ಎಂದು ನೋಡಿದರೆ ಈ ದೋಷವನ್ನು ಅರ್ಧ ನಿಮಿಷದಲ್ಲಿ ಕಂಡುಹಿಡಿಯಬಹುದು.

ಮೊದಲು ಆ ಭಾಗದ ಮಣ್ಣನ್ನೂ ಹಳೆಯ ಗ್ರೀಸನ್ನೂ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ತೊಳೆಯಬೇಕು. ಪಿನ್ನಿನ ತುದಿಯಲ್ಲಿ ಗ್ರೀಸು ತುಂಬುವ ನಿಪ್ಪಲ್ ಇರುವುದು. ಅನೇಕ ಗಾಡಿಗಳಲ್ಲಿ ಅದು ಕೆಸರಿನಲ್ಲಿ ಹೂತು, ಇದೆಯೆಂಬುದೇ ಮಾಲೀಕರಿಗೆ ತಿಳಿದಿರುವುದಿಲ್ಲ. ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಲಿವರುಗಳ ಸಂದುಗಳಿಗೆ ಬಿಟ್ಟು, ಒಂದು ರಾತ್ರಿ ನೆನೆಯಗೊಡಬೇಕು. ಮರುದಿನ ಮರದ ಕೊಡತಿಯಿಂದ ಲಿವರಿನ ಬುಡಕ್ಕೆ ಮೆಲ್ಲಗೆ ಬಡಿಯುತ್ತ, ಆಚೀಚೆಗೆ ಎಳ್ಳಿನಷ್ಟು ಆಡಿಸಿ, ಮತ್ತೆ ಎಣ್ಣೆ ಬಿಡಬೇಕು. ಕದಲಲಾರಂಭಿಸಿದ ಮೇಲೆ ನಿಪ್ಪಲ್ಲಿನಿಂದ ಹೊಸ ಗ್ರೀಸನ್ನು, ಹಳೆಯ ಕಪ್ಪು ಗ್ರೀಸು ಸಂದುಗಳಿಂದ ಪೂರ್ತಿ ಹೊರಬೀಳುವವರೆಗೂ ತುಂಬತಕ್ಕದ್ದು. ಎರಡು ಮೂರು ದಿನಗಳವರೆಗೂ ಇದನ್ನು ಮಾಡಬೇಕಾಗಬಹುದು. ಅವಸರಪಡುವವರಿಗೆ ಈ ಕೆಲಸವು ಸಲ್ಲದು.

ಆಗಲೂ ಬಿಡದಿದ್ದರೆ ಪಿನ್ನನ್ನು ಹೊರತೆಗೆಯಬೇಕು. ಪಿನ್ನು ಜಾರಿಹೋಗದಂತೆ ಅದಕ್ಕೊಂದು ಸಣ್ಣ ಸ್ಕ್ರೂವನ್ನು ಕೂರಿಸಿರುವರು. ಇದನ್ನು ಮೊದಲು ಬಿಚ್ಚದೆ ಸುತ್ತಿಗೆಯಿಂದ ಹೊಡೆದರೆ ಪಿನ್ನು ಬರುವುದಿಲ್ಲ, ಅದನ್ನು ಹಿಡಿದಿರುವ ಎರಕದ ಕಿವಿ ಮುರಿಯುವುದು. ಸ್ಕ್ರೂ ತೆಗೆದ ತರುವಾಯ ಹಿತ್ತಾಳೆಯ ಸರಳನ್ನಿಟ್ಟು ತಟ್ಟಿ ಹೊರಡಿಸಿ, ಪಿನ್ನನ್ನೂ ಲಿವರುಗಳ ರಂಧ್ರಗಳನ್ನೂ ಉಜ್ಜುಕಾಗದದಿಂದ ತಿಕ್ಕಿ, ಗ್ರೀಸು ಹೋಗುವ ರಂಧ್ರವನ್ನು ತಂತಿಯಿಂದ ಚುಚ್ಚಿ ತೆರೆದು, ಗ್ರೀಸು ಬಳಿದು ಮತ್ತೆ ಕೂರಿಸಬೇಕು. ಪಿನ್ನು ಸವೆದು ಮೆಟ್ಟಿಲಾಗಿದ್ದರೆ ಹೊಸದನ್ನು ಹಾಕುವುದೇ ಸರಿ. ಬೆಂಕಿಯ ಉರಿಯಿಂದ ಕಾಯಿಸಿ ಬಿಡಿಸುವ ಪದ್ಧತಿಯು ಕಮ್ಮಾರಸಾಲೆಯಲ್ಲಿ ಒಳ್ಳೆಯದೇ. ಎಣ್ಣೆಯಿಂದ ತೊಯ್ದ ಪೆಟ್ಟಿಗೆಯ ಬಳಿ, ಇಂಧನದ ಕೊಳವೆ ಹಾದುಹೋಗುವ ಕಡೆ ಅದನ್ನು ಮಾಡಗೊಡಬಾರದು.

ಲಿವರಿನ ಕೆಳತುದಿಯನ್ನು ಪಿನ್ನಿನಿಂದ ಬಿಡಿಸಿದ ಮೇಲೆ, ಅದು ಸಿಕ್ಕಿಕೊಂಡಿದ್ದ ಸರಳನ್ನು ಬೇರೆಯಾಗಿ ಪರೀಕ್ಷಿಸಲು ಅನುಕೂಲವಾಗುವುದು. ಸರಳಿನ ಮುಂದುಗಡೆಯ ತುದಿ ಎಣ್ಣೆತಡೆಯ ಸೀಲಿನ ಮೂಲಕ ಪೆಟ್ಟಿಗೆಯಿಂದ ಹೊರಬಂದಿರುವುದು. ಹೊರಗಿನ ಆ ಭಾಗವು ತುಕ್ಕಿನಿಂದ ಒರಟಾಗಿದ್ದರೆ, ಒಳಕ್ಕೆ ತಳ್ಳಿದಾಗ ಸೀಲನ್ನು ಹರಿದು ಎಣ್ಣೆ ಸೋರುವಂತೆ ಮಾಡುವುದು. ಆದುದರಿಂದ ತಳ್ಳುವ ಮೊದಲೇ ಅದನ್ನು ಉಜ್ಜಿ ನುಣುಪಾಗಿಸಿ ಎಣ್ಣೆ ಹಚ್ಚತಕ್ಕದ್ದು. ಸರಳನ್ನು ಅದರ ಸ್ಥಾನದಲ್ಲಿ ಹಿಡಿದಿಡಲು ಸ್ಪ್ರಿಂಗೊಂದು ಸಣ್ಣ ಉಕ್ಕಿನ ಗುಂಡನ್ನು ಒತ್ತಿಹಿಡಿದಿರುವುದು. ಒಳಗೆ ನೀರು ಸೇರಿ ಗುಂಡು ತುಕ್ಕು ಹಿಡಿದರೂ ಲಿವರು ಬಿಗಿಯುವುದು. ಅದರ ಮುಚ್ಚಳವನ್ನು ಬಿಚ್ಚುವಾಗ ಗುಂಡೂ ಸ್ಪ್ರಿಂಗೂ ಹಾರಿ ಕಳೆದುಹೋಗದಂತೆ ಕೆಳಗೆ ಬಟ್ಟೆಯನ್ನು ಹಾಸಿಕೊಂಡಿರಬೇಕು.

ಮೇಸ್ತ್ರಿಗೆ ಬಿಡಬೇಕಾದುದು.— ಲಿವರು ಸಲೀಸಾಗಿ ಆಡುತ್ತಿದ್ದರೂ ಚಾಲನೆಯು ಸೇರದಿದ್ದಲ್ಲಿ ದೋಷವು ಒಳಗಿನದು. ಹಲ್ಲುಗಾಲಿಯನ್ನು ಸರಿಸುವ ಕವೆಯ ಸ್ಕ್ರೂ ಸಡಿಲವಾಗಿ ಸರಳು ಮಾತ್ರ ಓಡಾಡುತ್ತಿರಬಹುದು, ಇಲ್ಲವೇ ಲಿವರಿನ ಕೆಳತುದಿ ಸವೆದಿರಬಹುದು. ಸೇರಿದ್ದು ಹೊರೆ ಬಿದ್ದೊಡನೆ ತಾನಾಗಿ ಕಳಚುತ್ತಿದ್ದರೆ ಹಲ್ಲುಗಳೋ ಬೇರಿಂಗುಗಳೋ ಸವೆದಿವೆಯೆಂದು ಊಹಿಸಬಹುದು. ಇವುಗಳಿಗೆ ಪೆಟ್ಟಿಗೆಯನ್ನು ತೆರೆಯಲೇಬೇಕಾಗುವುದು. ತೋಟದ ಕೊಟ್ಟಿಗೆಯಲ್ಲಿ ಮಾಡುವ ಕೆಲಸವಲ್ಲ. ಮುಂದಿನ ಚಕ್ರಗಳ ಗುಂಬಕ್ಕೆ ಕೈಯಿಂದ ಸೇರಿಸುವ ಬಿಡಿಸುವ ಬಿರಡೆಗಳನ್ನು ಕೂರಿಸಿರುವ ಗಾಡಿಗಳಲ್ಲಿ ಮಾತ್ರ, ಪೆಟ್ಟಿಗೆಯನ್ನು ದೂರುವ ಮೊದಲು ಅವೆರಡೂ ಸೇರಿವೆಯೇ ಎಂದು ನೋಡುವುದು ಲೇಸು.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಟ್ರಾನ್ಸ್‌ಫರ್ ಕೇಸಿಗೆ ೯೦ರ ದರ್ಜೆಯ ಗೇರೆಣ್ಣೆಯನ್ನು ತುಂಬುವುದು ವಾಡಿಕೆ. ಸ್ಪೈಸರ್ ೧೮ಕ್ಕೆ ಸುಮಾರು ಒಂದೂವರೆ ಲೀಟರು ಹಿಡಿಯುವುದು. ಸಮನೆಲದಲ್ಲಿ ನಿಲ್ಲಿಸಿ, ಪಕ್ಕದ ತುಂಬುವ ತೂತಿನ ಅಂಚಿಗೆ ಬರುವವರೆಗೆ ತುಂಬಿದರೆ ಅಳತೆಯ ಗೊಡವೆಯಿಲ್ಲ. ಹಳ್ಳವನ್ನು ದಾಟುವಾಗ ನೀರು ಪೆಟ್ಟಿಗೆಯ ಮಟ್ಟಕ್ಕೆ ಬಂದಿದ್ದರೆ, ಆ ವಾರದಲ್ಲಿಯೇ ಅಡಿಯ ಬಿರಡೆಯನ್ನು ಸಡಿಲಿಸಿ ಸ್ವಲ್ಪ ಎಣ್ಣೆಯನ್ನು ಬಟ್ಟಲಿಗೆ ಬಿಟ್ಟು ನೋಡಬೇಕು. ಮಜ್ಜಿಗೆಯಂತೆ ಬೆಳ್ಳಗೆ ಬಂದರೆ ನೀರು ಸೇರಿದೆ. ಪೂರ್ತಿ ಇಳಿಸಿ ಹೊಸದನ್ನು ತುಂಬತಕ್ಕದ್ದು. ಬೇಸಗೆಯಲ್ಲಿಯೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಎರಡು ಲಿವರುಗಳನ್ನೂ ಸೇರಿಸಿ ನೂರಿನ್ನೂರು ಮೀಟರು ನೆಟ್ಟಗೆ ನಡೆಸಿ ಬಿಡಿಸುವ ಅಭ್ಯಾಸವನ್ನು ಚಾಲಕನಿಗೆ ಮಾಡಿಸಿ, ಪಿನ್ನಿನ ನಿಪ್ಪಲ್ಲಿಗೂ ಅದೇ ದಿನ ಎರಡು ಒತ್ತು ಗ್ರೀಸು ಹಾಕಿಸಿದರೆ, ಮೇಲೆ ಹೇಳಿದ ತುಕ್ಕಿನ ಕೆಲಸಗಳಲ್ಲಿ ಬಹುಭಾಗವು ಬೇಕಾಗುವುದೇ ಇಲ್ಲ.